ಮೊದಲ ಒಳ್ಳೆಯ ಹೆಡ್‌ಫೋನ್: ಮೂರು ಸಾವಿರ ಇದೆ, ಎಲ್ಲಿಂದ ಶುರು ಮಾಡಲಿ?

ಗಂಗಾವತಿ_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು, ವಯಸ್ಸು 24. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಊಟ ಆದ ಮೇಲೆ ಒಂದೆರಡು ಗಂಟೆ ಹಾಡು ಕೇಳುವುದು ಮೊದಲಿನಿಂದಲೂ ರೂಢಿ. ದಾಸರ ಪದ, ವಚನ, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ, ಜೊತೆಗೆ ಈಗಿನ ಸಿನಿಮಾ ಹಾಡುಗಳು. ಇಷ್ಟು ವರ್ಷ ಬಸ್ ಸ್ಟ್ಯಾಂಡ್ ಹತ್ತಿರ ಸಿಗುವ ನೂರೈವತ್ತು ರೂಪಾಯಿ ಇಯರ್‌ಫೋನಿನಲ್ಲೇ ಕೇಳಿದ್ದೇನೆ.

ಹೋದ ತಿಂಗಳು ಹುಬ್ಬಳ್ಳಿಗೆ ಹೋಗಿದ್ದೆ. ಗೆಳೆಯನ ರೂಮಿನಲ್ಲಿ ಅವನ ಹೆಡ್‌ಫೋನ್ ಹಾಕಿಕೊಂಡು ಒಂದು ಹಳೇ ಖಯಾಲ್ ಕೇಳಿದೆ. ನೂರಾರು ಸಲ ಕೇಳಿದ್ದೇ ಅದು. ಆದರೆ ತಾನ್ ಶುರು ಮಾಡುವ ಮುಂಚೆ ಅವರು ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಹಿಂದೆ ತಂಬೂರಿ ಒಂದಲ್ಲ, ಎರಡಿವೆ ಅಂತ ಅವತ್ತು ಗೊತ್ತಾಯಿತು. ವಾಪಸ್ ಬಸ್ಸಿನಲ್ಲಿ ಬರುವಾಗ ಪೂರಾ ಅದೇ ಯೋಚನೆ.

ಈಗ ಕೈಯಲ್ಲಿ 3,000 ರೂಪಾಯಿ ಇದೆ. ಓದಲು ಕೂತರೆ ಓಪನ್ ಬ್ಯಾಕ್, ಪ್ಲೇನಾರ್, ಡ್ಯಾಕ್, ಆಂಪ್ ಅಂತ ತಲೆ ಗಿರ್ ಅನ್ನುತ್ತದೆ. ಹಾಕಿ ಕೇಳಿ ನೋಡೋಣ ಅಂದರೆ ನಮ್ಮ ಕಡೆ ಅಂಥ ಅಂಗಡಿ ಕಂಡಿಲ್ಲ. ಫೋನಿಗೆ ಜ್ಯಾಕ್ ಕೂಡ ಇಲ್ಲ. ದಯವಿಟ್ಟು ದಾರಿ ತೋರಿಸಿ.

ರಾಯಲ್_ಸರ್ಕಲ್:

ಬಾ ತಮ್ಮಾ. ಆ ಉಸಿರು ಕೇಳಿಸಿತು ಅಂದೆಯಲ್ಲ, ನಮ್ಮಲ್ಲಿ ಬಹಳ ಜನ ಹೀಗೇ ಯಾವುದೋ ಒಂದು ಸಣ್ಣ ಸದ್ದಿನಿಂದ ಒಳಗೆ ಬಂದವರು. ನನಗೆ ಅದು ತಬಲಾದ ಡಗ್ಗಾ ಮೇಲೆ ಅಂಗೈ ಜಾರಿಸುವ ಸದ್ದು.

ನಾನು ಬಳ್ಳಾರಿಯವನು, ಹದಿನಾಲ್ಕು ವರ್ಷದಿಂದ ಇದರಲ್ಲಿದ್ದೇನೆ. ದುಡ್ಡು ಬಹಳ ಹಾಳು ಮಾಡಿದ್ದೇನೆ. ಅದಕ್ಕೇ ನೇರವಾಗಿ ಹೇಳುತ್ತೇನೆ: ಎರಡು ಸಾವಿರದ ಒಳಗೆ ತಂತಿ ಇರುವ ಒಂದು ಒಳ್ಳೆಯ ಐಇಎಂ ತಗೋ, ಉಳಿದದ್ದರಲ್ಲಿ ಒಂದು ಡಾಂಗಲ್ (ಜ್ಯಾಕ್ ಇಲ್ಲದ ಫೋನಿಗೆ ಇಯರ್‌ಫೋನ್ ಜೋಡಿಸುವ ಚಿಕ್ಕ ಸಾಧನ) ತಗೋ. ಆಮೇಲೆ ಮೂರು ತಿಂಗಳು ಏನನ್ನೂ ಕೊಳ್ಳಬೇಡ. ಆ ಮೂರು ತಿಂಗಳು ಬಹಳ ಮುಖ್ಯ. ನಿನ್ನ ಕಿವಿಗೆ ಏನು ಬೇಕು ಅಂತ ನಿನಗೇ ಗೊತ್ತಾಗುವುದು ಆಗಲೇ.

ಐಇಎಂ ಅಂದರೆ ಇನ್-ಇಯರ್ ಮಾನಿಟರ್. ಸ್ಟೇಜ್ ಮೇಲೆ ಹಾಡುವವರು ಕಿವಿಯೊಳಗೆ ಸಿಕ್ಕಿಸಿಕೊಂಡು, ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಬಿಟ್ಟಿರುತ್ತಾರಲ್ಲ, ಅದೇ. ಈಗ ಎರಡು ಸಾವಿರದ ಆಸುಪಾಸಿನಲ್ಲಿ ಇದರಲ್ಲಿ ಬರುವ ಸದ್ದು ನಾನು ಶುರು ಮಾಡಿದಾಗ ಹತ್ತು ಸಾವಿರ ಕೊಟ್ಟರೂ ಸಿಗುತ್ತಿರಲಿಲ್ಲ. ಮೂನ್‌ಡ್ರಾಪ್ ಚೂ 2, ಟಾಂಗ್‌ಝೂ ವಾನರ್, 7ಹರ್ಟ್ಸ್ ಝೀರೋ, ಈ ಮೂರರಲ್ಲಿ ಯಾವುದಾದರೂ ಆಗುತ್ತದೆ. ಮೂರರಲ್ಲೂ ಒಂದೊಂದೇ 10 ಮಿಲಿಮೀಟರ್ ಡೈನಾಮಿಕ್ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಪುಟ್ಟ ಸ್ಪೀಕರ್. ಮೂರಕ್ಕೂ ವೈರ್ ಬಿಚ್ಚಬಹುದು. ಇದು ಚಿಕ್ಕ ವಿಷಯ ಅಲ್ಲ. ಇಯರ್‌ಫೋನ್ ಸಾಯುವುದು ಜಾಸ್ತಿ ವೈರಿನಿಂದಲೇ. ವೈರ್ ಹೋದರೆ ವೈರ್ ಮಾತ್ರ ಬದಲಿಸಿದರೆ ಸಾಕು. 0.78 ಎಂಎಂ ಟೂ-ಪಿನ್ ಅಂತ ಕೇಳಿ ತರಿಸು.

ದೊಡ್ಡ ಹೆಡ್‌ಫೋನ್ ಯಾಕೆ ಬೇಡ ಅಂತ ಕೇಳುತ್ತೀಯ. ನಿನ್ನ ಗೆಳೆಯನ ಹತ್ತಿರ ಇದ್ದದ್ದು ಬಹುಶಃ ಓಪನ್ ಬ್ಯಾಕ್. ಅದರ ಕಪ್ಪಿನ ಹಿಂಭಾಗ ಜಾಲರಿ ಥರ ತೆರೆದಿರುತ್ತದೆ. ಸದ್ದು ಒಳಗೇ ಗುಂಯ್‌ಗುಡದೆ ಹೊರಗೆ ಹೋಗುತ್ತದೆ, ಹಾಗಾಗಿ ಹಾಡು ತಲೆಯಿಂದ ಆಚೆ ಹರಡಿದ ಹಾಗೆ ಕೇಳಿಸುತ್ತದೆ. ಆದರೆ ಹೊರಗಿನ ಸದ್ದೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತದೆ. ನಾನು ಆಸೆಪಟ್ಟು ಸೆನ್‌ಹೈಸರ್ ಎಚ್‌ಡಿ 600 ತಂದೆ. 1997ರಲ್ಲಿ ಬಂದ ಮಾಡೆಲ್, ಇವತ್ತಿಗೂ ಜನ ಅದನ್ನೇ ಅಳತೆಗೋಲು ಮಾಡಿಕೊಂಡು ಮಾತಾಡುತ್ತಾರೆ. ತಂದದ್ದು ಏಪ್ರಿಲ್‌ನಲ್ಲಿ. ಬಳ್ಳಾರಿಯ ಏಪ್ರಿಲ್ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾ? ಫ್ಯಾನ್ ಇಲ್ಲದೆ ಕೂರುವ ಹಾಗಿಲ್ಲ. ಫ್ಯಾನ್ ಹಾಕಿದರೆ ಅದರ ಸದ್ದಿನಲ್ಲಿ ತಂಬೂರಿ ಮುಳುಗಿಹೋಗುತ್ತದೆ. ಕೊನೆಗೆ ಬೆಳಗಿನ ಜಾವ ಐದಕ್ಕೆ ಎದ್ದು, ಫ್ಯಾನ್ ಆರಿಸಿ, ಕಿಟಕಿ ಹಾಕಿ, ಒಂದು ಗಂಟೆ ಕೇಳುವುದು ರೂಢಿಯಾಯಿತು. ಆ ಒಂದು ಗಂಟೆ ಬಹಳ ಚಂದ. ಆದರೆ ಶುರು ಮಾಡುವವನಿಗೆ ಈ ಕಟ್ಟುಪಾಡು ಬೇಡ. ಅದಕ್ಕೆ 300 ಓಮ್ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಬೇರೆ. ಫೋನಿಗೆ ನೇರ ಹಾಕಿದರೆ ಪೂರ್ತಿ ಗಟ್ಟಿಯಾಗಿ ಹಾಡುವುದಿಲ್ಲ, ಸದ್ದಿಗೆ ಬಲ ಕೊಡುವ ಆಂಪ್ ಬೇಕು. ಐಇಎಂಗಳು ಸಾಮಾನ್ಯವಾಗಿ 16ರಿಂದ 32 ಓಮ್ ಇರುತ್ತವೆ, ಚಿಕ್ಕ ಡಾಂಗಲ್ ಸಾಕು.

ಇನ್ನೊಂದು. ಬೆಲೆ ಜಾಸ್ತಿ ಆದಷ್ಟೂ ಸದ್ದು ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. 2017ರಲ್ಲಿ 283 ಹೆಡ್‌ಫೋನ್‌ಗಳನ್ನು ಅಳೆದು ನೋಡಿದ ಒಂದು ಅಧ್ಯಯನ ಬಂತು. ಬೇಸ್, ದನಿ, ಟ್ರೆಬಲ್ ಎಲ್ಲ ಎಷ್ಟೆಷ್ಟು ಪ್ರಮಾಣದಲ್ಲಿ ಬರುತ್ತವೆ ಅನ್ನುವುದಕ್ಕೂ ಅಂಗಡಿ ಬೆಲೆಗೂ ಅದರಲ್ಲಿ ಸಂಬಂಧವೇ ಕಾಣಲಿಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೋ. ಮುಂದೆ ಯಾರಾದರೂ ಇಪ್ಪತ್ತು ಸಾವಿರದ್ದು ತಗೋ ಅಂತ ಒತ್ತಾಯ ಮಾಡಿದಾಗ ಉಪಯೋಗಕ್ಕೆ ಬರುತ್ತದೆ.

ಜೀನ್ಸ್_ಗಲ್ಲಿ:

ಅಣ್ಣ ಹೇಳಿದ್ದು ಸರಿ, ಆದರೆ ಬ್ಲೂಟೂತನ್ನು ಪೂರಾ ಕೈಬಿಡಬೇಡಿ. ನಾನು ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಇದ್ದೇನೆ. ಟೇಬಲ್‌ನಿಂದ ಟೇಬಲ್‌ಗೆ ಓಡಾಡುವಾಗ ವೈರ್ ಸಿಕ್ಕಿಕೊಂಡರೆ ಇಯರ್‌ಫೋನ್ ಅಲ್ಲ, ಕಿವಿಯೇ ಕಿತ್ತು ಬರುತ್ತದೆ. ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ಬಡ್ಸ್ ನನಗೆ ಬಹಳ ಉಪಯೋಗ ಆಗಿದೆ. ಎಲ್‌ಡ್ಯಾಕ್ ಕೋಡೆಕ್ (ಬ್ಲೂಟೂತಿನಲ್ಲಿ ಹಾಡನ್ನು ಅಡಕ ಮಾಡಿ ಕಳಿಸುವ ಒಂದು ವಿಧಾನ) ಇದ್ದರೆ ಸೆಕೆಂಡಿಗೆ 990 ಕಿಲೋಬಿಟ್ ತನಕ ಹೋಗುತ್ತದೆ, ವೈರಿಗೂ ಇದಕ್ಕೂ ವ್ಯತ್ಯಾಸ ನನಗಂತೂ ಕೇಳಿಸಿಲ್ಲ.

ರಾಯಲ್_ಸರ್ಕಲ್:

ಒಪ್ಪಿದೆ. ಓಡಾಡುವವರಿಗೆ ಬ್ಲೂಟೂತೇ ಸರಿ. ಬಸ್ಸಿನ ಇಂಜಿನ್ ಸದ್ದು, ಫ್ಯಾನ್, ಕೂಲರ್ ಇಂಥ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದನ್ನು ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ಕಮ್ಮಿ ಮಾಡುತ್ತದೆ. ಮಾತು, ಹಾರ್ನ್ ಇವನ್ನು ಅಷ್ಟು ಮಾಡುವುದಿಲ್ಲ.

ಆದರೆ ಈ ಹುಡುಗ ರಾತ್ರಿ ಒಂದೇ ಕಡೆ ಕೂತು ಕೇಳುತ್ತಾನೆ. ಮೂರು ಸಾವಿರದ ಬ್ಲೂಟೂತ್ ಬಡ್ಸ್‌ನಲ್ಲಿ ದುಡ್ಡು ಬ್ಯಾಟರಿಗೆ, ಚಿಪ್ಪಿಗೆ, ಮೈಕಿಗೆ, ಡಬ್ಬಿಗೆ ಹಂಚಿಹೋಗುತ್ತದೆ. ವೈರಿನದರಲ್ಲಿ ಪೂರಾ ದುಡ್ಡು ಸದ್ದಿಗೇ ಬೀಳುತ್ತದೆ. ಎರಡು ಮೂರು ವರ್ಷದಲ್ಲಿ ಬಡ್ಸ್ ಬ್ಯಾಟರಿ ಸೊರಗುತ್ತದೆ, ಬಿಚ್ಚಿ ಬದಲಿಸುವುದು ಸುಲಭ ಅಲ್ಲ. ನನ್ನ ಹತ್ತಿರ 2016ರಲ್ಲಿ ತಗೊಂಡ ವೈರಿನ ಐಇಎಂ ಇವತ್ತಿಗೂ ಇದೆ. ಮೂರು ವೈರ್ ಬದಲಾಗಿವೆ, ಅದು ಹಾಗೇ ಹಾಡುತ್ತಿದೆ.

ತಂಬೂರಿ_ರಾಯಚೂರು:

ನಾನು ರಾಯಚೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಯಂತ್ರದ ವಿಷಯ ಅಣ್ಣಂದಿರು ಹೇಳಲಿ. ಕೇಳುವುದು ಹೇಗೆ ಅಂತ ನಾನು ಹೇಳುತ್ತೇನೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಹೊಸ ಐಇಎಂ ಬಂದ ದಿನ ಹೊಸ ಹಾಡು ಹಾಕಬೇಡಿ. ನಿಮಗೆ ಬಾಯಿಪಾಠ ಇರುವ ಒಂದು ಖಯಾಲ್, ಒಂದು ದಾಸರ ಪದ, ಒಂದು ಸಿನಿಮಾ ಹಾಡು, ಮೂರನ್ನು ಆರಿಸಿಕೊಳ್ಳಿ. ಮೂರು ತಿಂಗಳೂ ಅವೇ ನಿಮ್ಮ ತಕ್ಕಡಿ.

ಮೊದಲು ತಂಬೂರಿ. ತಂಬೂರಿ ಸುಮ್ನೆ ಹಿಂದೆ ಗುನುಗುವ ಸದ್ದಲ್ಲ. ಅದರ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿ) ಮೇಲೆ, ತಂತಿಯ ಕೆಳಗೆ ಒಂದು ಹತ್ತಿ ಅಥವಾ ರೇಷ್ಮೆ ಎಳೆ ಇಡುತ್ತೇವೆ. ಆ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸದ್ದು ಅರಳುತ್ತದೆ, ಇಲ್ಲವಾದರೆ ಮಂಕಾಗುತ್ತದೆ. ಇದನ್ನೇ ಜವಾರಿ ಅನ್ನುವುದು. ಮೀಟಿದ ಒಂದೇ ತಂತಿಯಿಂದ ಮೇಲೆ ಮೇಲೆ ಸಣ್ಣ ಸಣ್ಣ ಸ್ವರಗಳು ಜೇನ್ನೊಣದ ಹಾಗೆ ಏಳಬೇಕು. ಒಳ್ಳೆಯ ಹೆಡ್‌ಫೋನಿನಲ್ಲಿ ಅವು ಏಳುವುದು, ಸುತ್ತುವುದು, ಮುಂದಿನ ತಂತಿಗೆ ಸೇರುವುದು ಎಲ್ಲ ಕೇಳುತ್ತದೆ. ಮಂಕು ಹೆಡ್‌ಫೋನಿನಲ್ಲಿ ಬರೀ 'ಮ್' ಅನ್ನುತ್ತದೆ. ಟ್ರೆಬಲ್ ಜಾಸ್ತಿ ಮಾಡಿದ ಹೆಡ್‌ಫೋನಿನಲ್ಲಿ ತಗಡು ಕೆರೆದ ಹಾಗೆ ಆಗುತ್ತದೆ. ಹತ್ತು ನಿಮಿಷ ಕೇಳಿ ಕಿವಿಗೆ ಆಯಾಸ ಆಯಿತಾ, ಅದು ನಿಮಗಲ್ಲ.

ಆಮೇಲೆ ತಬಲಾದ ಎಡಗೈ. ಡಗ್ಗಾ ಮೇಲೆ ಬೆರಳಿನಿಂದ ಹೊಡೆದು ಅಂಗೈ ಒತ್ತಿ ಜಾರಿಸಿದಾಗ ಸ್ವರ ಕೆಳಗಿನಿಂದ ಮೇಲೆ ಬಾಗುತ್ತದೆ. ಬಾಗುವುದು ಕೇಳಬೇಕು. ಬರೀ 'ಧಮ್' ಅಂತ ಎದೆಗೆ ಗುದ್ದಿದರೆ ಬೇಸ್ ಜಾಸ್ತಿ ಇದೆ, ಆದರೆ ಹಿಡಿತ ಇಲ್ಲ ಅಂತ ಅರ್ಥ.

ದನಿಗೆ ದಾಸರ ಪದ. 'ಸ', 'ಶ' ಬರುವ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ಆಗಬಾರದು.

ಒಂದು ಕಿವಿಮಾತು. ಹಳೆಯ ಧ್ವನಿಮುದ್ರಣಗಳು ಬಹಳಷ್ಟು ಮೋನೋ. ಎರಡೂ ಕಿವಿಗೆ ಒಂದೇ ಸದ್ದು ಬರುತ್ತದೆ, ಗಾಯಕರು ನಿಮ್ಮ ತಲೆಯ ನಡುವೆ ಕೂತು ಹಾಡಿದ ಹಾಗೆ ಇರುತ್ತದೆ. ಹೆಡ್‌ಫೋನ್ ಕೆಟ್ಟಿದೆ ಅಂತ ಗಾಬರಿ ಆಗಬೇಡಿ. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಿಂದ ತೆಗೆದದ್ದಾದರೆ ಚರಚರ ಅನ್ನುವುದೂ ಇದ್ದೇ ಇರುತ್ತದೆ. ನಮ್ಮ ಜಿಲ್ಲೆಯವರೇ ಆದ ಗಾಯಕ ಸಿದ್ಧರಾಮ ಜಂಬಲದಿನ್ನಿಯವರನ್ನು ನಾನು ಮೊದಲು ಕೇಳಿದ್ದು ಉಜ್ಜಿಹೋದ ಕ್ಯಾಸೆಟ್ಟಿನಲ್ಲಿ. ಆ ಕೊರಕೊರ ಸದ್ದಿನ ಹಿಂದೆ ಇರುವ ದನಿಯನ್ನು ಹಿಡಿಯುವುದನ್ನು ಕಿವಿ ತಾನೇ ಕಲಿಯುತ್ತದೆ.

ಸಾಧ್ಯವಾದರೆ ಮೈಕ್ ಇಲ್ಲದ ಒಂದು ಬೈಠಕ್ಕಿಗೆ ಹೋಗಿ ಹತ್ತಿರ ಕೂತು ಕೇಳಿ. ಮಠದಲ್ಲಿ ಭಜನೆ ನಡೆದರೂ ಸಾಕು. ನಿಜವಾದ ತಬಲಾ ಹೇಗೆ ಕೇಳುತ್ತದೆ ಅಂತ ಗೊತ್ತಿಲ್ಲದಿದ್ದರೆ ಹೆಡ್‌ಫೋನ್ ಸರಿ ಇದೆಯೋ ಇಲ್ಲವೋ ಅಂತ ಯಾವುದಕ್ಕೆ ಹೋಲಿಸಿ ಹೇಳುತ್ತೀರಿ?

ಗಂಗಾವತಿ_ಹುಡುಗ:

ಟೀಚರ್, ಜವಾರಿ ಬಗ್ಗೆ ಓದಿ ಮೈ ಜುಂ ಅಂದಿತು. ತಂಬೂರಿಯಲ್ಲಿ ಎಳೆ ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ಚೂ 2 ಮತ್ತು ಒಂದು ಡಾಂಗಲ್ ಆರ್ಡರ್ ಮಾಡಿದೆ. ವಾರದಲ್ಲಿ ಬರುತ್ತದೆ.

ಹಳೇ_ರೇಡಿಯೋ:

ಕೊಪ್ಪಳದಿಂದ, ನಿವೃತ್ತ. ನನ್ನದು ರೇಡಿಯೋಕ್ಕೆ ಸಿಕ್ಕಿಸುವ ಒಂಟಿ ಕಿವಿಯ ಇಯರ್‌ಫೋನ್ ಕಾಲ. ಆಮೇಲೆ ಯಾರದೋ ವಾಕ್‌ಮನ್ ಕೈಗೆ ಬಂತು. ವಾಕ್‌ಮನ್ ಜಪಾನಿನಲ್ಲಿ 1979ರಲ್ಲೇ ಬಂದಿತ್ತು, ನಮ್ಮ ಊರಿಗೆ ಬರುವುದು ತಡವಾಯಿತು. ಎರಡೂ ಕಿವಿಯಲ್ಲಿ ಬೇರೆ ಬೇರೆ ವಾದ್ಯ ಕೇಳಿದ ಆ ಮೊದಲ ದಿನ ಇನ್ನೂ ನೆನಪಿದೆ. ಗವಿಮಠದ ಜಾತ್ರೆ ಮುಗಿಸಿ ಮನೆಗೆ ಬಂದು ಕೇಳಿದ್ದೆ.

ಹುಡುಗನಿಗೆ ಒಂದೇ ಮಾತು, ವೈರಿನ ಬಲೆಗೆ ಬೀಳಬೇಡಪ್ಪಾ. ಬೆಳ್ಳಿ ಲೇಪದ ವೈರ್ ಹಾಕಿದರೆ ಸದ್ದು ತೆರೆದುಕೊಳ್ಳುತ್ತದೆ ಅಂತ ಓದಿ ನಾನು ನಾಲ್ಕು ಸಾವಿರ ಕೊಟ್ಟು ತರಿಸಿದೆ. ಒಂದು ವಾರ ಬಹಳ ಚಂದ ಕೇಳುತ್ತಿದೆ ಅಂತಲೇ ಅನ್ನಿಸಿತು. ಆಮೇಲೆ ಮಗ ಹೇಳಿದ, ಅಪ್ಪಾ ಕಣ್ಣು ಮುಚ್ಚು, ನಾನು ಬದಲಿಸಿ ಬದಲಿಸಿ ಹಾಕುತ್ತೇನೆ, ಯಾವುದು ಅಂತ ನೀನು ಹೇಳು. ಹತ್ತು ಸಲ ಮಾಡಿದೆವು. ಐದು ಸರಿ, ಐದು ತಪ್ಪು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಮೆತ್ತಗಿರುವ, ಸಿಕ್ಕು ಬೀಳದ ವೈರ್ ಬೇಕಾದರೆ ಕೊಳ್ಳಿ, ಅದು ನಿಜವಾದ ಅನುಕೂಲ. ಸದ್ದಿಗಾಗಿ ಕೊಳ್ಳಬೇಡಿ.

ಸಿಂಧನೂರು_98:

ಸರ್, ಬರ್ನ್-ಇನ್ ಅಂತ ಹೇಳುತ್ತಾರಲ್ಲ? ನೂರು ಗಂಟೆ ಹಾಡಿಸಿ ಬಿಟ್ಟರೆ ಸದ್ದು ಬದಲಾಗುತ್ತದೆ ಅಂತ. ಅದೂ ಹೀಗೇನಾ?

ರಾಯಲ್_ಸರ್ಕಲ್:

ಬದಲಾಗುವುದು ಜಾಸ್ತಿ ನಮ್ಮ ಕಿವಿ. ಹೊಸದಕ್ಕೆ ಕಿವಿ ಒಗ್ಗಿಕೊಳ್ಳಲು ನಾಲ್ಕೈದು ದಿನ ಬೇಕು. ನೂರು ಗಂಟೆ ಡಬ್ಬಿಯಲ್ಲಿ ಇಟ್ಟು ಹಾಡಿಸುವ ಬದಲು ಆ ನೂರು ಗಂಟೆ ನೀವೇ ಕೇಳಿ. ಕಿವಿಯ ಮೇಲೆ ಕೂರುವ ಹೆಡ್‌ಫೋನಿನ ದಿಂಬು ದಿನ ಕಳೆದಂತೆ ಮೆತ್ತಗಾಗಿ ಸದ್ದು ಸ್ವಲ್ಪ ಬದಲಾಗುವುದು ಉಂಟು, ಅದು ಬೇರೆ ವಿಷಯ.

ಎರಡು ಹೆಡ್‌ಫೋನ್ ಹೋಲಿಸುವಾಗ ಇನ್ನೊಂದು ಮೋಸ ಇದೆ. ಯಾವುದು ಸ್ವಲ್ಪ ಜೋರಾಗಿದೆಯೋ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಜೋರಾಗಿದೆ ಅಂತ ಗೊತ್ತಾಗದಷ್ಟು ಸಣ್ಣ ವ್ಯತ್ಯಾಸವೂ ಸಾಕು. ಅದಕ್ಕೇ ಎರಡರ ವಾಲ್ಯೂಮನ್ನೂ ಆದಷ್ಟು ಸಮ ಮಾಡಿಕೊಂಡು ಆಮೇಲೆ ತೀರ್ಪು ಕೊಡಿ.

ಗಂಗಾವತಿ_ಹುಡುಗ:

ಬಂತು. ಆದರೆ ಮನಸ್ಸಿಗೆ ಬೇಜಾರಾಗಿದೆ. ಬೇಸ್ ಇಲ್ಲವೇ ಇಲ್ಲ. ದನಿ ತೆಳ್ಳಗೆ, ತಗಡಿನ ಡಬ್ಬಿಯಲ್ಲಿ ಹಾಡಿದ ಹಾಗಿದೆ. ಡಗ್ಗಾ ಸದ್ದು ಟೇಬಲ್ ಮೇಲೆ ಬೆರಳು ತಟ್ಟಿದ ಹಾಗೆ ಬರುತ್ತದೆ. ನೂರೈವತ್ತು ರೂಪಾಯಿಯದೇ ವಾಸಿ ಅನ್ನಿಸುತ್ತಿದೆ. ಡಿಫೆಕ್ಟ್ ಪೀಸ್ ಇರಬಹುದಾ? ವಾಪಸ್ ಕಳಿಸಲಾ?

ತೋರಣಗಲ್ಲು_ಶಿಫ್ಟ್:

ವಾಪಸ್ ಕಳಿಸಬೇಡಿ, ಒಂದು ನಿಮಿಷ ತಡೆಯಿರಿ. ಇದು ನೂರಕ್ಕೆ ತೊಂಬತ್ತು ಪಾಲು ಕಿವಿಯಲ್ಲಿ ಸರಿಯಾಗಿ ಕೂತಿಲ್ಲ, ಅಷ್ಟೇ. ಐಇಎಂನ ತುದಿ ಕಿವಿ ರಂಧ್ರವನ್ನು ಪೂರಾ ಮುಚ್ಚಬೇಕು. ಸಣ್ಣ ಸಂದು ಇದ್ದರೂ ಮೊದಲು ಸೋರುವುದು ಬೇಸ್.

ನಾನು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಸೇರಿದ ಮೊದಲ ವಾರವೇ ಇಯರ್‌ಪ್ಲಗ್ ಹಾಕುವುದನ್ನು ಹೇಳಿಕೊಟ್ಟರು. ಆ ವಿದ್ಯೆ ಇಲ್ಲಿಗೂ ಬರುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿ ಹಿಡಿಯಿರಿ. ಮೇಲಕ್ಕೆ ಮತ್ತು ಸ್ವಲ್ಪ ಹಿಂದಕ್ಕೆ ಎಳೆಯಿರಿ. ಕಿವಿಯ ಒಳದಾರಿ ಡೊಂಕಾಗಿರುತ್ತದೆ, ಎಳೆದಾಗ ನೇರ ಆಗುತ್ತದೆ. ಆಗ ಬಲಗೈಯಿಂದ ಐಇಎಂ ಒಳಗಿಟ್ಟು, ಬೀಗದ ಕೈ ತಿರುಗಿಸಿದ ಹಾಗೆ ಸ್ವಲ್ಪ ತಿರುಗಿಸಿ, ಕಿವಿ ಬಿಡಿ. ಸರಿಯಾಗಿ ಕೂತರೆ ಹೊರಗಿನ ಫ್ಯಾನ್ ಸದ್ದು ಥಟ್ಟನೆ ದೂರ ಹೋಗುತ್ತದೆ. ನಿಮ್ಮದೇ ಮಾತು ನಿಮಗೆ ತಲೆಯೊಳಗಿಂದ ಕೇಳುತ್ತದೆ. ಅದೇ ಗುರುತು.

ಡಬ್ಬಿಯಲ್ಲಿ ಬೇರೆ ಬೇರೆ ಸೈಜಿನ ಸಿಲಿಕೋನ್ ಟಿಪ್ ಇರುತ್ತವೆ. ಮಧ್ಯದ್ದು ಹಾಕಿ ಬಂದಿರುತ್ತದೆ. ದೊಡ್ಡದನ್ನೂ ಹಾಕಿ ನೋಡಿ, ಚಿಕ್ಕದನ್ನೂ ನೋಡಿ. ಎರಡು ಕಿವಿಗೆ ಎರಡು ಸೈಜ್ ಬೇಕಾಗುವುದು ಸಾಮಾನ್ಯ. ನನಗೆ ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯದ್ದು. ವೈರ್ ಕಿವಿಯ ಮೇಲಿಂದ ಹೋಗಬೇಕು, ಕೆಳಗೆ ಜೋತು ಬೀಳಬಾರದು. ಬಲ ಎಡ ಅದಲು ಬದಲು ಆದರೂ ಸರಿಯಾಗಿ ಕೂರುವುದಿಲ್ಲ, ಗುರುತು ನೋಡಿಕೊಳ್ಳಿ.

ಗಂಗಾವತಿ_ಹುಡುಗ:

ಅಣ್ಣಾ! ಎರಡೂ ಕಡೆ ದೊಡ್ಡ ಟಿಪ್ ಹಾಕಿದೆ. ಕಿವಿ ಎಳೆದು ನೀವು ಹೇಳಿದ ಹಾಗೇ ತಿರುಗಿಸಿದೆ. ಬೇರೆಯೇ ವಸ್ತು ಇದು. ಡಗ್ಗಾ ಬಾಗುವುದು ಕೇಳಿತು. ಟೀಚರ್ ಹೇಳಿದ ಜೇನ್ನೊಣ ಕೂಡ ಕೇಳಿತು. ಊಟಕ್ಕೆ ಕರೆದು ಕರೆದು ಅವ್ವ ಸಾಕಾಗಿ ಭುಜ ಅಲುಗಾಡಿಸಿದಳು, ಅಲ್ಲಿಯ ತನಕ ಗೊತ್ತೇ ಆಗಿಲ್ಲ. ಅವಳಿಗೂ ಒಂದು ಕಡೆ ಹಾಕಿದೆ. ಕಣ್ಣು ಮುಚ್ಚಿಕೊಂಡು ಒಂದು ಪೂರ್ತಿ ಪದ ಕೇಳಿದಳು.

ತೋರಣಗಲ್ಲು_ಶಿಫ್ಟ್:

ಓದಿ ಬಹಳ ಖುಷಿ ಆಯಿತು. ಈಗ ಒಂದು ಗಂಭೀರ ಮಾತು. ನನ್ನ ಕೆಲಸದಲ್ಲಿ ಕಿವಿ ಕಳೆದುಕೊಂಡವರನ್ನು ಹತ್ತಿರದಿಂದ ನೋಡಿದ್ದೇನೆ, ಹಾಗಾಗಿ ಹೇಳಲೇಬೇಕು.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕೊಡುವ ಲೆಕ್ಕ ಇದು: 80 ಡೆಸಿಬಲ್ ಸದ್ದಾದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಜಾಸ್ತಿ ಆದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. 90ಕ್ಕೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ವಾರಕ್ಕೆ, ದಿನಕ್ಕಲ್ಲ. ಕಿವಿಯೊಳಗೆ ಸದ್ದು ಹಿಡಿಯುವ ಸಣ್ಣ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವೂ ಆಗುವುದಿಲ್ಲ, ಅದೇ ಅಪಾಯ.

ನಾನು ಮಾಡುವುದು ಹೀಗೆ. ಮನೆಯಲ್ಲಿ ಸದ್ದಿಲ್ಲದ ಹೊತ್ತಿನಲ್ಲಿ ಆರಾಮಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು, ಆ ನಂಬರ್ ನೆನಪಿಟ್ಟುಕೊಳ್ಳುತ್ತೇನೆ. ಬಸ್ಸಿನಲ್ಲಿ ಕೂತರೂ ಅದರ ಮೇಲೆ ಹೋಗುವುದಿಲ್ಲ. ಐಇಎಂ ಸರಿಯಾಗಿ ಕೂತಿದ್ದರೆ ಹೋಗುವ ಅಗತ್ಯವೂ ಬೀಳುವುದಿಲ್ಲ. ತೆಗೆದ ಮೇಲೆ ಕಿವಿ ಗುಂಯ್ ಅಂದರೆ, ಇಲ್ಲ ಹತ್ತಿ ತುರುಕಿದ ಹಾಗೆ ಮಂಕಾದರೆ, ಅವತ್ತು ಜಾಸ್ತಿ ಆಯಿತು ಅಂತ ಅರ್ಥ. ಬೈಕಿನಲ್ಲಿ, ರಸ್ತೆ ದಾಟುವಾಗ, ರೈಲ್ವೆ ಹಳಿ ಹತ್ತಿರ ದಯವಿಟ್ಟು ಹಾಕಬೇಡಿ. ಕಾರ್ಖಾನೆಯಲ್ಲಿ ಇಯರ್‌ಪ್ಲಗ್ ಬದಲು ಐಇಎಂ ಹಾಕಿಕೊಳ್ಳುವವರೂ ಇದ್ದಾರೆ, ಅದೂ ತಪ್ಪು. ಅದು ರಕ್ಷಣೆಯ ಸಾಧನ ಅಲ್ಲ.

ಸಿಂಧನೂರು_98:

ನನಗೂ ಒಂದು ಅನುಮಾನ. ಡಾಂಗಲ್ ಅಂತ ನೂರು ರೂಪಾಯಿಯ ಕನ್ವರ್ಟರ್ ತಗೊಂಡೆ. ನನ್ನ ಫೋನಿನಲ್ಲಿ ಸದ್ದೇ ಬರಲ್ಲ. ತಮ್ಮನ ಫೋನಿನಲ್ಲಿ ಬರುತ್ತದೆ. ಯಾಕೆ?

ರಾಯಲ್_ಸರ್ಕಲ್:

ಫೋನಿನೊಳಗೆ ಹಾಡು ಬರೀ ಅಂಕಿಗಳ ರೂಪದಲ್ಲಿ ಇರುತ್ತದೆ. ಅದನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸಲು ಒಂದು ಚಿಪ್ ಬೇಕು. ಅದೇ ಡ್ಯಾಕ್. ನೀವು ತಗೊಂಡದ್ದರಲ್ಲಿ ಚಿಪ್ ಇಲ್ಲ, ಬರೀ ವೈರ್ ಜೋಡಿಸಿರುತ್ತಾರೆ. ಒಳಗಿನ ಡ್ಯಾಕ್‌ನ ಸದ್ದನ್ನು ಟೈಪ್-ಸಿ ಮೂಲಕವೇ ಹೊರಗೆ ಬಿಡುವ ಫೋನುಗಳಲ್ಲಿ ಮಾತ್ರ ಅದು ನಡೆಯುತ್ತದೆ. ಕೊಳ್ಳುವಾಗ 'ಡ್ಯಾಕ್ ಇದೆಯಾ' ಅಂತ ನೋಡಿ. ಆಪಲ್‌ನ ಟೈಪ್-ಸಿ ಡಾಂಗಲ್ ಅಳತೆಯಲ್ಲಿ ಬಹಳ ಸ್ವಚ್ಛ, ಆದರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಅದರ ವಾಲ್ಯೂಮ್ ಕಮ್ಮಿ ಬರುತ್ತದೆ. ಆಂಡ್ರಾಯ್ಡ್ ಇದ್ದವರು ಬೇರೆ ತಗೊಳ್ಳಿ. ಐಇಎಂಗೆ ಇದಕ್ಕಿಂತ ದೊಡ್ಡ ಡ್ಯಾಕ್, ಆಂಪ್ ಯಾವುದೂ ಬೇಡ.

ಹಾಡಿನ ಆಪ್‌ನಲ್ಲಿ ಡೇಟಾ ಉಳಿಸುವ ಸೆಟ್ಟಿಂಗ್ ಆನ್ ಇದ್ದರೆ ಆಫ್ ಮಾಡಿ, ಕ್ವಾಲಿಟಿ ಹೈ ಇಡಿ. ಇದಕ್ಕೆ ದುಡ್ಡಿಲ್ಲ, ಆದರೆ ಬಹಳ ಜನ ಮರೆಯುತ್ತಾರೆ. 320 ಕೆಬಿಪಿಎಸ್ ಎಂಪಿ3ಗೂ ಸಿಡಿಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಹೇಳುವುದು ನನಗಂತೂ ಆಗಿಲ್ಲ. ಮುದ್ರಣವೇ ಚೆನ್ನಾಗಿಲ್ಲದಿದ್ದರೆ ಯಾವ ಫಾರ್ಮ್ಯಾಟೂ ಉಳಿಸಲ್ಲ. ಅದೇ ಹಾಡಿನ ಒಳ್ಳೆಯ ಮುದ್ರಣ ಹುಡುಕಲು ಕಳೆದ ಸಮಯ ಮಾತ್ರ ಯಾವತ್ತೂ ದಂಡ ಅಲ್ಲ.

ಗಂಗಾವತಿ_ಹುಡುಗ:

ಅಣ್ಣ, ಎರಡು ತಿಂಗಳಾಯಿತು. ಹೆಣ್ಣು ದನಿ ಮೇಲಿನ ಷಡ್ಜ ಮುಟ್ಟಿದಾಗ ಮಾತ್ರ ಸ್ವಲ್ಪ ಚೂಪು ಅನ್ನಿಸುತ್ತದೆ. ಬಾಕಿ ಎಲ್ಲ ಇಷ್ಟ. ಬೇರೆ ತಗೊಳ್ಳಬೇಕಾ?

ರಾಯಲ್_ಸರ್ಕಲ್:

ಬೇಡ. ಎರಡೇ ತಿಂಗಳಲ್ಲಿ ಇಷ್ಟು ನಿಖರವಾಗಿ ಹೇಳಿದೆಯಲ್ಲ, ಬಹಳ ಸಂತೋಷ ಆಯಿತು. ಚೂಪು ಎಲ್ಲಿದೆ ಅಂತ ಗೊತ್ತಾದರೆ ಈಕ್ವಲೈಸರ್‌ನಲ್ಲಿ, ಅಂದರೆ ಬೇಸ್, ದನಿ, ಟ್ರೆಬಲ್ ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್‌ನಲ್ಲಿ, ತಗ್ಗಿಸಬಹುದು.

ನಮ್ಮ ಕಿವಿಯ ಆಕಾರವೇ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿ ಎತ್ತಿ ತೋರಿಸುತ್ತದೆ. ಎದುರಿಗೆ ಕೂತು ಹಾಡುವವರ ದನಿ ಹಾಗೆ ಎತ್ತಿಕೊಂಡೇ ಒಳಗೆ ಹೋಗುತ್ತದೆ. ಐಇಎಂ ಕಿವಿಯೊಳಗೇ ಕೂರುವುದರಿಂದ ಆ ಎತ್ತುವಿಕೆ ತಪ್ಪಿಹೋಗುತ್ತದೆ. ಅದಕ್ಕೇ ತಯಾರಿಸುವವರು ಆ ಜಾಗದಲ್ಲಿ ಬೇಕಂತಲೇ ಏರಿಸಿರುತ್ತಾರೆ. ಎಲ್ಲರ ಕಿವಿಯೂ ಒಂದೇ ಥರ ಇರುವುದಿಲ್ಲ, ಅಲ್ವಾ? ನಿನ್ನ ಕಿವಿಗೆ ಅವರ ಏರಿಕೆ ಸ್ವಲ್ಪ ಜಾಸ್ತಿ ಆಗಿದೆ, ಅಷ್ಟೇ.

ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಅಂತ ಆಪ್ ಇದೆ. 3,000 ಹರ್ಟ್ಸ್ ಹತ್ತಿರ 2 ಡೆಸಿಬಲ್ ಇಳಿಸಿ ನೋಡು. ಒಂದು ವಾರ ಕೇಳು. ಸಾಲದಿದ್ದರೆ ಇನ್ನೊಂದು ಡೆಸಿಬಲ್. ಇಳಿಸುವುದು ಯಾವಾಗಲೂ ಸುರಕ್ಷಿತ. ಬೇಸ್ ಏರಿಸಬೇಕು ಅನ್ನಿಸಿದರೆ, ಎಷ್ಟು ಡೆಸಿಬಲ್ ಏರಿಸುತ್ತೀಯೋ ಅಷ್ಟು ಒಟ್ಟು ಮಟ್ಟವನ್ನು ಇಳಿಸು. ಇಲ್ಲದಿದ್ದರೆ ಜೋರು ಜಾಗದಲ್ಲಿ ಸದ್ದು ಒಡೆಯುತ್ತದೆ.

ತಂಬೂರಿ_ರಾಯಚೂರು:

ಅದಕ್ಕೂ ಮೊದಲು ಅದೇ ಗಾಯಕಿಯ ಇನ್ನೊಂದು ಮುದ್ರಣ ಕೇಳಿ ನೋಡಿ. ಅದರಲ್ಲಿ ಚೂಪಿಲ್ಲದಿದ್ದರೆ ತಪ್ಪು ಮೈಕಿನದು, ಐಇಎಂನದಲ್ಲ.

ಗಂಗಾವತಿ_ಹುಡುಗ:

ಟೀಚರ್ ಹೇಳಿದ್ದೇ ನಿಜ! ಬೇರೆ ಮುದ್ರಣದಲ್ಲಿ ಮೇಲಿನ ಷಡ್ಜ ಬೆಣ್ಣೆಯ ಹಾಗಿದೆ. ಈಕ್ವಲೈಸರ್ ಮುಟ್ಟಲೇ ಇಲ್ಲ.

ಆದರೆ ಈ ವಾರ ಹೊಸ ತೊಂದರೆ. ಎಡಗಡೆ ಸದ್ದು ದಿನೇ ದಿನೇ ಇಳಿಯುತ್ತಿದೆ. ಈಗ ಅರ್ಧ ಕೂಡ ಇಲ್ಲ. ವೈರ್ ಅದಲು ಬದಲು ಮಾಡಿ ನೋಡಿದೆ, ಆದರೂ ಎಡದ್ದೇ ಕಮ್ಮಿ.

ಹಳೇ_ರೇಡಿಯೋ:

ವೈರ್ ಬದಲಿಸಿ ನೋಡಿದ್ದು ಒಳ್ಳೆಯದಾಯಿತು, ಅಲ್ಲಿಗೆ ವೈರಿನ ತಪ್ಪಲ್ಲ ಅಂತಾಯಿತು. ಟಿಪ್ ತೆಗೆದು ಮೂತಿಯ ತುದಿಯ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಪ್ಪಾ. ನಮ್ಮ ಕಡೆಯ ಸೆಖೆಗೆ ಬೆವರು ಮತ್ತು ಕಿವಿಯ ಗುಗ್ಗೆ ಸೇರಿ ಆ ಜಾಲರಿಯ ಮೇಲೆ ತೆಳ್ಳನೆಯ ಪೊರೆ ಕಟ್ಟುತ್ತದೆ. ನೀರು ತಾಗಿಸಬೇಡ, ಪಿನ್ನು ಚುಚ್ಚಬೇಡ. ಮೂತಿಯನ್ನು ನೆಲದ ಕಡೆ ಮಾಡಿ ಹಿಡಿದು, ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆಳಗಿನಿಂದ ಉಜ್ಜು. ಉದುರಿದ್ದು ಒಳಗೆ ಹೋಗಬಾರದು, ಕೆಳಗೆ ಬೀಳಬೇಕು. ಟಿಪ್ಪನ್ನು ಬೇರೆಯಾಗಿ ಸೋಪು ನೀರಿನಲ್ಲಿ ತೊಳೆದು ಒಣಗಿಸು. ಕೇಳಿ ಮುಗಿದ ಮೇಲೆ ಒರೆಸಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ ಸಿಲಿಕಾ ಪುಡಿಕೆ, ಅದರ ಜೊತೆ ಚಿಕ್ಕ ಡಬ್ಬಿಯಲ್ಲಿ ಇಡು.

ಗಂಗಾವತಿ_ಹುಡುಗ:

ಮಾಡಿದೆ ಸರ್. ಜಾಲರಿ ಪೂರ್ತಿ ಹಳದಿ ಪೊರೆ ಕಟ್ಟಿತ್ತು. ಬಿಳಿ ಹಾಳೆ ಹಾಸಿ ಅದರ ಮೇಲೆ ಉಜ್ಜಿದೆ, ಚೂರು ಚೂರಾಗಿ ಉದುರಿತು. ಟಿಪ್ ಒಣಗಿದ ಮೇಲೆ ಹಾಕಿ, ಆ ಎರಡು ತಂಬೂರಿಯ ಖಯಾಲನ್ನೇ ಮೊದಲು ಹಚ್ಚಿದೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಎರಡೂ ಸಮ ಬಂತು.